ಪಾರ್ಶ್ವವಾಯುವೋ ಸೆಡೆತವೋ? : ಶಿಶುಚಿಕಿತ್ಸೆಯ ಪರಿಭಾಷೆಯನ್ನು ಕುರಿತ ಒಂದು ವಿಮರ್ಶೆ

ಶಬ್ದದೋಷವು ಕಾವ್ಯದಲ್ಲಿ ರಸಭಂಗಕ್ಕೆ ಕಾರಣವೆಂದು ಆಲಂಕಾರಿಕರು ಹೇಳಿರುವರಷ್ಟೆ. ದುಷ್ಟವಾದ ಪದವೊಂದನ್ನು ಕಂಡ ಸಹೃದಯನು ಮನಸ್ಸಿನಲ್ಲಿ ಕಸಿವಿಸಿಗೊಂಡು ಮುಂದಿನ ಪದ್ಯಕ್ಕೆ ಹೋಗುತ್ತಾನೆ. ಅದರಿಂದ ಆತನ ದೇಹಕ್ಕೆ ಬಾಧೆಯೇನೂ ಇಲ್ಲ. ವೈದ್ಯವಿಷಯಕವಾದ ಬರವಣಿಗೆಯಲ್ಲಿ ಹಾಗಲ್ಲ. ಅಲ್ಲಿ ಹೆಸರೊಂದು ಅನ್ಯಥಾ ಅರ್ಥವನ್ನು ಕೊಟ್ಟರೆ ರೋಗಿಯಾಗಲಿ, ರೋಗಿಯ ತಾಯಿತಂದೆಗಳಾಗಲಿ ಅನ್ಯಥಾ ನಡೆದುಕೊಳ್ಳುತ್ತಾರೆ. ಆದುದರಿಂದ ಕಾವ್ಯಕ್ಕೆಂದು ಹೇಳಿದ ದೋಷವಿಚಾರವನ್ನು ವೈದ್ಯಪರಿಭಾಷೆಗೂ ಅನ್ವಯಿಸಿ ನೋಡುವುದು ವಿಮರ್ಶಕನಿಗೆ ಸಲ್ಲದ ಕೆಲಸವಲ್ಲ. ಒಂದು ದೃಷ್ಟಿಯಿಂದ ಅದು ಕಾವ್ಯವಿಮರ್ಶೆಗಿಂತಲೂ ಹೆಚ್ಚು ಹೊಣೆಯ ಕೆಲಸವಾಗಿದೆ.

ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿರುವುದು ಒಂದೇ ಚಿಕಿತ್ಸೆಗೆ ಸಂಬಂಧಿಸಿದ ಮಾತುಗಳು. ಗರ್ಭದಲ್ಲಿಯೋ, ಪ್ರಸವಕಾಲದಲ್ಲಿಯೋ, ಹುಟ್ಟಿದ ಮೇಲೆ ಎಳವೆಯಲ್ಲಿಯೋ ಮಿದುಳಿಗೆ ಕೆಡುಕುಂಟಾಗಿ, ಅದರಿಂದ ಅಂಗಗಳ ಚಲನೆಯೂ ನಿಲವೂ ಕೆಡುವ ಸ್ಥಿತಿಗೆ ಪಾಶ್ಚಾತ್ಯವೈದ್ಯರು ‘ಸೆರೆಬ್ರಲ್ ಪಾಲ್ಸಿ’ ಎನ್ನುತ್ತಾರೆ. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ೨ರಿಂದ ೩ ಮಕ್ಕಳಿಗೆ ಈ ಬಾಧೆಯಿರುವುದೆಂದು ಬಹುಕಾಲದಿಂದ ಎಣಿಸಲಾಗಿದೆ. ಇಂತಹ ಮಕ್ಕಳಲ್ಲಿ ನೂರಕ್ಕೆ ೮೦ರಷ್ಟು ಮಂದಿಗೆ ಕೈಕಾಲಿನ ಮಾಂಸಖಂಡಗಳು ಸೆಡೆತುಕೊಂಡಿರುವುದೇ ಮುಖ್ಯಲಕ್ಷಣ. ಮೀನಖಂಡವು ಸೆಡೆತುದರಿಂದ ಹಿಮ್ಮಡಿಯು ನೆಲವನ್ನು ಮುಟ್ಟದೆ ಮಗುವು ತುದಿಗಾಲಿನಲ್ಲಿ ನಡೆಯುತ್ತದೆ. ತೊಡೆಯ ಒಳಭಾಗವು ಸೆಡೆತುದರಿಂದ ಕಾಲುಗಳು ಕತ್ತರಿಯಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಬೊಟುಲಿನಮ್ ಎಂಬ ಉಗ್ರವಿಷದಿಂದ ಸಿದ್ಧಪಡಿಸಿದ ಮದ್ದನ್ನು ಅತ್ಯಲ್ಪಪ್ರಮಾಣದಲ್ಲಿ ಆ ಮಾಂಸಖಂಡಕ್ಕೆ ಚುಚ್ಚಿ ಸೆಡೆತವನ್ನು ಸಡಿಲಿಸುವುದೇ ಇಲ್ಲಿ ಹೇಳುವ ಚಿಕಿತ್ಸೆ.

ಮಾತುಗಳನ್ನು ಒರೆಹಚ್ಚುವುದಕ್ಕೆ ನಿಕಷವೊಂದು ಬೇಕು. ಅದನ್ನು ಮುದ್ದೇನಹಳ್ಳಿಯಿಂದ ತೆಗೆದುಕೊಳ್ಳುವುದು ಹಲವು ಕಾರಣಗಳಿಂದ ಯುಕ್ತವಾಗಿದೆ. ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ, ನಂದಿಬೆಟ್ಟದ ಆಸುಪಾಸಿನಲ್ಲಿರುವ ಈ ಗ್ರಾಮವು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ. ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿಯೇ, ೧೯೧೫ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಕನ್ನಡದಲ್ಲಿ ಶಾಸ್ತ್ರೀಯ ಪರಿಭಾಷೆಯನ್ನು ಬೆಳೆಸುವುದು ಪರಿಷತ್ತಿನ ಉದ್ದೇಶಗಳಲ್ಲಿ ಒಂದಾಗಿದ್ದಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿ, ಇಂತಹ ವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಕಾರ್ಯತಃ ತೋರಿಸಿದರು. ಈಚೆಗೆ, ೨೦೨೩ರ ಮಾರ್ಚಿ ೨೫ರಂದು, ಅದೇ ಮುದ್ದೇನಹಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವೊಂದು ಉದ್ಘಾಟಿತವಾಗಿದೆ. ಹಿಂದೆ ಪಟ್ಟಣಕ್ಕೆ ಹೋಗಿ ಹುಡುಕಬೇಕಾಗಿದ್ದ ವೈದ್ಯಶಾಸ್ತ್ರವು ಈಗ ಹಳ್ಳಿಯ ಬಾಗಿಲಿಗೆ ಬಂದಿದೆ. ಆ ಸೀಮೆಯ ಮನೆಗಳಲ್ಲಿ ಕನ್ನಡದೊಂದಿಗೆ ತೆಲುಗೂ ಆಡುಮಾತು. ಹೀಗಿರುವಲ್ಲಿ, ಶಾಲೆಯ ಇಂಗ್ಲಿಷನ್ನು ಕಲಿಯದ, ಆದರೆ ತಾಯ್ನುಡಿಯಲ್ಲಿ ಸೂಕ್ಷ್ಮವಾಗಿ ವಿಚಾರಮಾಡಬಲ್ಲ ಆ ಗ್ರಾಮದ ತಾಯಿಯೊಬ್ಬಳು ರೋಗದ ಮತ್ತು ಮದ್ದಿನ ಹೆಸರನ್ನು ಕೇಳಿದಾಗ ಏನನ್ನು ತಿಳಿದುಕೊಂಡಾಳು? ಇದೇ ನಿಕಷ.

೧. ರೋಗದ ಹೆಸರು

ಕನ್ನಡದ ವೃತ್ತಪತ್ರಿಕೆಗಳಲ್ಲಿಯೂ ಆರೋಗ್ಯಸಂಬಂಧವಾದ ಪ್ರಕಟಣೆಗಳಲ್ಲಿಯೂ ಈ ಬಾಧೆಗೆ ‘ಮೆದುಳಿನ ಪಾರ್ಶ್ವವಾಯು’ ಎಂಬ ಹೆಸರು ಕಾಣಬರುತ್ತದೆ. ಕೆಲವರು ‘ಸೆರೆಬ್ರಲ್ ಪಾಲ್ಸಿ’ ಎಂದೇ ಬರೆಯುತ್ತಾರೆ. ಹಿಂದಿಯಲ್ಲಿ ರೂಢವಾಗಿರುವ ‘ಪ್ರಮಸ್ತಿಷ್ಕ ಪಕ್ಷಾಘಾತ’ವೆಂಬ ಸಂಸ್ಕೃತಸಮಾಸವನ್ನು ಕನ್ನಡಕ್ಕೂ ತರಬಹುದೆಂದು ವಾದಿಸುವುದು ಸಾಧ್ಯ. ಈ ಮೂರನ್ನೂ ಕ್ರಮವಾಗಿ ನೋಡಬೇಕು.

ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಪದದೋಷಗಳನ್ನು ಎಣಿಸುವಾಗ ‘ಅಪ್ರತೀತ’, ‘ಕ್ಲಿಷ್ಟ’, ‘ವಿರುದ್ಧಮತಿಕೃತ್’ ಎಂಬುವನ್ನು ಹೇಳಿರುತ್ತಾನೆ. ಒಂದು ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ತಿಳಿಯುವುದು ಅಪ್ರತೀತ. ಬಹಳ ಸುತ್ತಿಬಳಸಿ ಅರ್ಥವನ್ನು ಕೊಡುವುದು ಕ್ಲಿಷ್ಟ. ಉದ್ದೇಶಿಸಿದ ಅರ್ಥಕ್ಕೆ ವಿರುದ್ಧವಾದ ಬುದ್ಧಿಯನ್ನು ಹುಟ್ಟಿಸುವುದು ವಿರುದ್ಧಮತಿಕೃತ್. ‘ಸೆರೆಬ್ರಲ್ ಪಾಲ್ಸಿ’ ಎಂಬುದು ಮುದ್ದೇನಹಳ್ಳಿಯ ತಾಯಿಗೆ ಅಪ್ರತೀತ. ‘ಪ್ರಮಸ್ತಿಷ್ಕ ಪಕ್ಷಾಘಾತ’ವು ಕ್ಲಿಷ್ಟ. ಇವೆರಡರಿಂದ ಆಕೆಗೆ ಅರ್ಥವಾಗುವುದಿಲ್ಲವೆಂಬಷ್ಟೇ ನಷ್ಟ. ಅರ್ಥವಾಗದವಳು ಮರಳಿ ಕೇಳುತ್ತಾಳೆ. ‘ಪಾರ್ಶ್ವವಾಯು’ವಿನ ದೋಷವು ಇದಕ್ಕಿಂತ ದೊಡ್ಡದು: ಆಕೆಗೆ ಅದು ಅರ್ಥವಾಗುತ್ತದೆ, ಆದರೆ ತಪ್ಪಾಗಿ ಅರ್ಥವಾಗುತ್ತದೆ. ಅರ್ಥವಾಯಿತೆಂದುಕೊಂಡವಳು ಮರಳಿ ಕೇಳುವುದಿಲ್ಲ. ಆದುದರಿಂದ ಮೂರರಲ್ಲಿ ಅತ್ಯಂತ ಸುಲಭವಾದ ಹೆಸರೇ ಅತ್ಯಂತ ದುಷ್ಟವಾದುದೆಂದು ಹೇಳಬೇಕಾಗುತ್ತದೆ.

ಹೇಗೆಂದರೆ, ಪಾರ್ಶ್ವವಾಯುವೆಂಬುದು ಯೌಗಿಕವಾಗಿ ಒಂದು ಮಗ್ಗುಲಿನ ವಾಯು. ರೂಢಿಯಲ್ಲಿ, ವಯಸ್ಸಾದವರಿಗೆ ಹಠಾತ್ತಾಗಿ ಬಂದು ಕೈಕಾಲುಗಳ ಸತ್ತ್ವವನ್ನು ಅಪಹರಿಸುವ ರೋಗ. ‘ಲಕ್ವ ಹೊಡೆಯಿತು’ ಎಂದು ಜನರು ಹೇಳುವುದೂ, ತೆಲುಗಿನವರು ‘ಪಕ್ಷವಾತಮು’ ಎನ್ನುವುದೂ ಇದನ್ನೇ. ಮಕ್ಕಳ ಈ ಬಾಧೆಯಾದರೋ ಒಂದು ಮಗ್ಗುಲಿಗೇ ಇರಬೇಕೆಂಬ ನಿಯಮವಿಲ್ಲ. ಎರಡು ಕಾಲುಗಳಲ್ಲಿ ಇರಬಹುದು, ನಾಲ್ಕು ಅಂಗಗಳಲ್ಲಿಯೂ ಇರಬಹುದು. ಅದು ಹಠಾತ್ತಾಗಿ ಬಂದುದೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಹುಮಂದಿ ಮಕ್ಕಳಲ್ಲಿ ಎದ್ದುಕಾಣುವುದು ಅಂಗದ ಜೋಲುವಿಕೆಯಲ್ಲ, ಬಿಗಿತ.

ಈ ದೋಷವು ಮೂಲದಿಂದಲೇ ಬಂದಿತೆಂಬುದು ಗಮನಿಸತಕ್ಕ ವಿಷಯ. ‘ಪಾಲ್ಸಿ’ ಎಂಬುದು ‘ಪ್ಯಾರಲಿಸಿಸ್’ ಎಂಬ ಗ್ರೀಕ್ ಶಬ್ದದ ಅಪಭ್ರಂಶ. ಅದರ ಧಾತ್ವರ್ಥ ‘ಸಡಿಲಿಸು’ ಎಂದು. ಬಿಗಿತದ ರೋಗಕ್ಕೆ ಸಡಿಲದ ಹೆಸರು! ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯನು ೧೮೪೦ರ ದಶಕದ ಉಪನ್ಯಾಸಗಳಲ್ಲಿಯೂ ೧೮೬೨ರ ಪ್ರಬಂಧದಲ್ಲಿಯೂ ಈ ಮಕ್ಕಳನ್ನು ವರ್ಣಿಸುವಾಗ ಸೆಡೆತವನ್ನು ಹೇಳುವ ಮಾತನ್ನೇ ಬಳಸಿದ್ದನು. ಅದು ಲಕ್ಷಣಕ್ಕೆ ಒಪ್ಪುವ ಮಾತಾಗಿದ್ದಿತು. ವಿಲಿಯಂ ಆಸ್ಲರನು ೧೮೮೯ರಲ್ಲಿ ಮಕ್ಕಳ ‘ಸೆರೆಬ್ರಲ್ ಪಾಲ್ಸಿ’ಗಳನ್ನು ಕುರಿತು ಗ್ರಂಥವನ್ನು ಬರೆದಮೇಲೆ ಆ ಹೆಸರು ನೆಲೆಯೂರಿತು. ಕನ್ನಡದವರು ಮಾಡಿದುದು ಆ ತಪ್ಪಿನ ನಿಷ್ಠಾವಂತವಾದ ಭಾಷಾಂತರ.

ಸಂಸ್ಕೃತವೈದ್ಯಶಾಸ್ತ್ರವನ್ನು ಸರಿಯಾಗಿ ನೋಡಿದ್ದರೆ ಈ ಸಂಕರವು ಆಗಬೇಕಾಗಿರಲಿಲ್ಲ. ವಾತವ್ಯಾಧಿಗಳನ್ನು ಹೇಳುವಾಗ ಚರಕನೂ ಸುಶ್ರುತನೂ ‘ಸ್ತಂಭ’, ‘ಸಂಕೋಚ’ ಮೊದಲಾದ ಬಿಗಿತದ ಲಕ್ಷಣಗಳನ್ನು ಒಂದು ಬಗೆಯಾಗಿಯೂ, ಪಕ್ಷವಧ ಪಕ್ಷಾಘಾತಗಳನ್ನು ಮತ್ತೊಂದು ಬಗೆಯಾಗಿಯೂ ಹೆಸರಿಸಿದ್ದಾರೆ. ಇದರಿಂದ ಪ್ರಾಚೀನರು ಈ ಬಾಧೆಯನ್ನು ಇಂದಿನ ವೈದ್ಯರಂತೆಯೇ ಅರಿತಿದ್ದರೆಂದು ಸಾಧಿಸಹೊರಡುವುದು ಸಾಹಸವಾದೀತು. ಮಿದುಳಿನ ಕೆಡುಕಿಗೂ ಕಾಲಿನ ಬಿಗಿತಕ್ಕೂ ಇರುವ ಸಂಬಂಧವನ್ನು ಅವರು ಹೇಳಿಲ್ಲ. ಬಿಗಿತ ಬೇರೆ, ಬಲನಾಶ ಬೇರೆ ಎಂಬ ವಿವೇಕವು ಅವರ ಶಬ್ದಗಳಲ್ಲಿತ್ತು. ಈಗಿನ ಶಬ್ದದಲ್ಲಿ ಅದು ಕಳೆದುಹೋಗಿದೆ. ಇಷ್ಟೇ ಇಲ್ಲಿಯ ಅಭಿಪ್ರಾಯ.

ಇದು ಕೇವಲ ಪಂಡಿತರ ತರ್ಕವಲ್ಲ. ‘ಪಾರ್ಶ್ವವಾಯು’ವೆಂದು ಕೇಳಿದ ತಾಯಿಯು ಸಹಜವಾಗಿಯೇ ಕಾಲಿಗೆ ಬಲ ಬರಿಸುವ ಮದ್ದನ್ನು ನಿರೀಕ್ಷಿಸುತ್ತಾಳೆ. ಬೊಟುಲಿನಮ್ ಮದ್ದು ಮಾಡುವುದು ಅದಕ್ಕೆ ತದ್ವಿರುದ್ಧವಾದುದು: ಸೆಡೆತ ಮಾಂಸಖಂಡವನ್ನು ಅದು ಬಲಗುಂದಿಸುತ್ತದೆ. ಚುಚ್ಚಿದ ಕೆಲವು ದಿನಗಳಲ್ಲಿ ಮಗುವಿನ ಕಾಲು ಮೆತ್ತಗಾದುದನ್ನು ಕಂಡು, ಇದ್ದ ಬಲವೂ ಹೋಯಿತೆಂದು ಆಕೆ ಎದೆಯೊಡೆದುಕೊಂಡರೆ, ಅಥವಾ ಮುಂದಿನ ವ್ಯಾಯಾಮಕ್ಕೆ ಕರೆತರುವುದನ್ನೇ ಬಿಟ್ಟರೆ, ತಪ್ಪು ಆಕೆಯದಲ್ಲ. ವಿರುದ್ಧಮತಿಯನ್ನು ಹುಟ್ಟಿಸಿದ ಶಬ್ದದ್ದು.

೨. ಮದ್ದಿನ ಹೆಸರು

ಮದ್ದಿನ ಹೆಸರಿನಲ್ಲಿ ಬೇರೊಂದು ತೊಡಕಿದೆ. ಲ್ಯಾಟಿನ್ ಭಾಷೆಯಲ್ಲಿ ‘ಬೊಟುಲುಸ್’ ಎಂದರೆ ಕರುಳಿನ ಚೀಲದಲ್ಲಿ ಮಾಂಸವನ್ನು ತುಂಬಿ ಮಾಡುವ ಒಂದು ಭಕ್ಷ್ಯ. ಅದು ಕೆಟ್ಟಾಗ ಉಂಟಾಗುತ್ತಿದ್ದ ವಿಷಬಾಧೆಯನ್ನು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಯುಸ್ಟಿನುಸ್ ಕೆರ್ನರ್ ಎಂಬಾತನು ೧೮೧೭ರಿಂದ ೧೮೨೨ರ ವರೆಗೆ ಬರೆದ ಪ್ರಬಂಧಗಳಲ್ಲಿ ವಿವರವಾಗಿ ವರ್ಣಿಸಿದನು. ಈತನು ವೈದ್ಯನಾಗಿದ್ದಂತೆಯೇ ಪ್ರಸಿದ್ಧನಾದ ಕವಿಯೂ ಆಗಿದ್ದನೆಂಬುದು ಸಾಹಿತ್ಯಾಭ್ಯಾಸಿಗಳಿಗೆ ಕುತೂಹಲಕರವಾದೀತು. ಅಂಗಗಳನ್ನು ನಿಶ್ಚಲಗೊಳಿಸುವ ಈ ವಿಷವನ್ನು ಅತ್ಯಲ್ಪವಾಗಿ ಕೊಟ್ಟರೆ ಅಂಗಗಳ ಅತಿಚೇಷ್ಟೆಯನ್ನು ಶಮನಗೊಳಿಸಬಹುದೆಂದು ಮೊದಲು ಊಹಿಸಿದವನೂ ಆತನೇ. ೧೮೯೫ರಲ್ಲಿ ಬೆಲ್ಜಿಯಂ ದೇಶದ ಹಳ್ಳಿಯೊಂದರಲ್ಲಿ ಕೆಟ್ಟ ಹಂದಿಮಾಂಸವನ್ನು ತಿಂದವರು ಬಾಧೆಗೊಳಗಾದಾಗ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ಪಂಡಿತನು ವಿಷಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಕೆರ್ನರನ ಊಹೆಯು ಫಲಿಸುವುದಕ್ಕೆ ಒಂದೂವರೆ ಶತಮಾನ ಬೇಕಾಯಿತು. ಅಮೆರಿಕದ ಆಲನ್ ಸ್ಕಾಟ್ ಎಂಬ ನೇತ್ರವೈದ್ಯನು ಮೆಳ್ಳೆಗಣ್ಣಿಗೆ ಇದನ್ನು ಪ್ರಯೋಗಿಸಿ ೧೯೮೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು; ೧೯೮೯ರಲ್ಲಿ ಆ ದೇಶದ ಸರಕಾರವು ಅನುಮತಿಯನ್ನಿತ್ತಿತು. ೧೯೯೩ರಲ್ಲಿ ಕೋಮನ್ ಮತ್ತು ಆತನ ಸಹೋದ್ಯೋಗಿಗಳು ಸೆಡೆತದ ಮಕ್ಕಳಲ್ಲಿ ಇದರ ಪ್ರಯೋಗವನ್ನು ಕುರಿತು ಬರೆದರು. ೨೦೧೬ರಲ್ಲಿ ಎರಡು ವರ್ಷಕ್ಕೆ ಮೇಲ್ಪಟ್ಟ ಮಕ್ಕಳ ಕಾಲಿನ ಸೆಡೆತಕ್ಕೆ ಇಂತಹ ಮದ್ದೊಂದನ್ನು ಬಳಸಲು ಅಮೆರಿಕದಲ್ಲಿ ಅಂಗೀಕಾರ ದೊರೆಯಿತು.

ಲೋಕದಲ್ಲಿ ಮಾತ್ರ ಈ ಮದ್ದು ‘ಬೊಟಾಕ್ಸ್’ ಎಂಬ ವ್ಯಾಪಾರದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ ೨೦೦೨ರಲ್ಲಿ ಮುಖದ ಸುಕ್ಕುಗಳನ್ನು ಅಳಿಸಲು ಅನುಮತಿ ದೊರೆತಮೇಲೆ, ಆ ಹೆಸರನ್ನು ಕೇಳಿದೊಡನೆ ಹೊಳೆಯುವುದು ನಟನಟಿಯರ ಸೌಂದರ್ಯಸಾಧನೆ. ಅಭಿಧೆಯಿಂದ ಅದು ಮದ್ದನ್ನೇ ಹೇಳಿದರೂ ವ್ಯಂಜನೆಯು ವಿಲಾಸದ ಕಡೆಗೆ ಎಳೆಯುತ್ತದೆ. ಅಲ್ಲದೆ, ಬೇರೆಬೇರೆ ಕಂಪೆನಿಗಳ ಮದ್ದುಗಳ ಮಾನವು ಒಂದೇ ಅಲ್ಲ. ಒಂದರ ನೂರು ಘಟಕವು ಇನ್ನೊಂದರ ನೂರು ಘಟಕಕ್ಕೆ ಸಮವಲ್ಲ. ಒಂದು ಕಂಪೆನಿಯ ಹೆಸರನ್ನೇ ಎಲ್ಲಕ್ಕೂ ಬಳಸುವ ರೂಢಿಯು ಈ ಕಾರಣದಿಂದ ಭಾಷಾದೋಷವಷ್ಟೇ ಆಗಿ ಉಳಿಯದೆ ಅಪಾಯಕ್ಕೂ ಎಡೆಮಾಡಬಲ್ಲುದು.

ಹಾಗಾದರೆ ‘ವಿಷ’ವೆಂದೇ ಹೇಳಬೇಕೆ? ಹೇಳಿದರೆ ತಾಯಿಯು ಬೆದರಿ ಮಗುವನ್ನೆತ್ತಿಕೊಂಡು ಹೊರಟುಹೋಗುವಳೆಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ಆದರೆ ವಿಷವನ್ನು ಯುಕ್ತಿಯಿಂದ ಪ್ರಯೋಗಿಸಿದರೆ ಉತ್ತಮವಾದ ಔಷಧವಾಗುತ್ತದೆಂಬ ವಿಚಾರವು ಈ ನಾಡಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ ಅದು ಸಿದ್ಧಾಂತವಾಗಿ ನಿಂತಿದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ್ದಾನೆ. ಶಾಸ್ತ್ರವನ್ನು ಬಿಟ್ಟು ಆಡುಮಾತನ್ನು ನೋಡಿದರೂ, ‘ಮದ್ದು’ ಎಂಬ ಶಬ್ದದಲ್ಲಿ ಎರಡು ಅರ್ಥಗಳೂ ಅಡಗಿವೆ: ‘ಮದ್ದು ಕೊಟ್ಟರು’ ಎಂದರೆ ಔಷಧ, ‘ಮದ್ದು ಹಾಕಿದರು’ ಎಂದರೆ ವಿಷ. ಕೈಮದ್ದೆಂಬ ಮಾತನ್ನು ಅರಿಯದ ಹಳ್ಳಿಯಿಲ್ಲ. ಕೊಡುವವನ ಕೈಯೂ ಪ್ರಮಾಣವೂ ಮದ್ದಿನ ಗುಣವನ್ನು ನಿರ್ಣಯಿಸುತ್ತವೆಂಬ ತಿಳಿವಳಿಕೆಯು ಹಳ್ಳಿಯ ತಾಯಿಗೆ ಆಕೆಯ ಭಾಷೆಯೇ ಕೊಟ್ಟಿರುವ ಆಸ್ತಿ.

ವಿಷವೆಂಬುದನ್ನು ಮರೆಮಾಚದಿರುವುದಕ್ಕೆ ಇನ್ನೂ ಬಲವಾದ ಕಾರಣವಿದೆ. ಅಪರೂಪವಾಗಿ ಈ ಮದ್ದು ಚುಚ್ಚಿದ ಸ್ಥಳದಿಂದ ದೂರಕ್ಕೆ ಹಬ್ಬಿ, ನುಂಗುವುದಕ್ಕೂ ಉಸಿರಾಡುವುದಕ್ಕೂ ತೊಂದರೆಯನ್ನುಂಟುಮಾಡಬಹುದೆಂದು ೨೦೦೯ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಎಚ್ಚರಿಕೆಯನ್ನು ಅಚ್ಚುಮಾಡಿಸಿದರು. ಸೆಡೆತಕ್ಕಾಗಿ ಚಿಕಿತ್ಸೆ ಪಡೆಯುವ ಮಕ್ಕಳಲ್ಲಿ ಈ ಭಯವು ಹೆಚ್ಚೆಂದೂ ತಿಳಿಸಿದರು. ಚುಚ್ಚಿದುದು ಕಾಲಿಗೆ, ಬಾಧೆಯು ಕಂಠಕ್ಕೆ. ಇವೆರಡಕ್ಕೂ ಇರುವ ಸಂಬಂಧವು ‘ಶಕ್ತಿಯ ಚುಚ್ಚುಮದ್ದು’ ಎಂದು ನಂಬಿದವಳಿಗೆ ಹೊಳೆಯುವುದು ಹೇಗೆ? ವಿಷದಿಂದ ಮಾಡಿದ ಮದ್ದೆಂದು ತಿಳಿದವಳಾದರೆ, ಮಗುವು ಗುಟುಕು ನುಂಗಲು ತಡವರಿಸಿದೊಡನೆ ವೈದ್ಯನ ಬಳಿಗೆ ಓಡುತ್ತಾಳೆ. ಇಲ್ಲಿ ಸತ್ಯವಾದ ಶಬ್ದವೇ ರಕ್ಷೆ.

೩. ಅಂಗಗಳ ಹೆಸರು

ಮದ್ದು ಎಲ್ಲಿ ಕೆಲಸಮಾಡುತ್ತದೆಂಬುದನ್ನು ಹೇಳಹೊರಟರೆ ಮತ್ತೊಂದು ಗೊಂದಲವು ಎದುರಾಗುತ್ತದೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ‘ಸ್ನಾಯು’ವೆಂದರೆ ಮಾಂಸಖಂಡ. ಸುಶ್ರುತನಾದರೋ ಶಾರೀರಸ್ಥಾನದಲ್ಲಿ ಪೇಶಿಗಳು ೫೦೦, ಸ್ನಾಯುಗಳು ೯೦೦ ಎಂದು ಬೇರೆಬೇರೆಯಾಗಿ ಎಣಿಸಿ, ಸ್ನಾಯುಗಳನ್ನು ನಾವೆಯ ಹಲಗೆಗಳನ್ನು ಬಿಗಿದಿರುವ ಕಟ್ಟುಗಳಿಗೆ ಹೋಲಿಸಿದ್ದಾನೆ. ಆತನ ‘ಸ್ನಾಯು’ವು ಬಂಧನ, ‘ಪೇಶಿ’ಯೇ ಮಾಂಸಖಂಡ. ಬಂಗಾಳಿಯವರು ಅದೇ ಸ್ನಾಯುಶಬ್ದವನ್ನು ನರವೆಂಬ ಅರ್ಥದಲ್ಲಿ ಬಳಸುತ್ತಾರೆ. ಕನ್ನಡದ ಜನರೋ ಎಲ್ಲಕ್ಕೂ ‘ನರ’ವೆಂದುಬಿಡುತ್ತಾರೆ: ಹಿಮ್ಮಡಿಯ ಮೇಲಿನ ರಜ್ಜುವೂ ನರ, ರಕ್ತನಾಳವೂ ನರ.

ಪ್ರಕೃತವಿಷಯದಲ್ಲಿ ಈ ಮೂರನ್ನೂ ಬೇರ್ಪಡಿಸದೆ ಗತಿಯಿಲ್ಲ. ಮದ್ದನ್ನು ಚುಚ್ಚುವುದು ಮಾಂಸಖಂಡಕ್ಕೆ. ಅದು ತಡೆಯುವುದು ನರವು ಮಾಂಸಖಂಡವನ್ನು ಸೇರುವೆಡೆಯಲ್ಲಿ: ಬಿಗಿಯೆಂದು ಆಜ್ಞೆಯನ್ನು ಒಯ್ಯುವ ‘ಅಸಿಟೈಲ್‌ಕೋಲಿನ್’ ಎಂಬ ರಸವು ಅಲ್ಲಿ ನರದ ತುದಿಯಿಂದ ಹೊರಬೀಳದಂತೆ ಮಾಡುತ್ತದೆ. ರಜ್ಜುವು ಶಾಶ್ವತವಾಗಿ ಕುಗ್ಗಿಹೋಗಿದ್ದರೆ ಈ ಮದ್ದಿನಿಂದ ಅದು ಉದ್ದವಾಗುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ‘ನರಕ್ಕೆ ಇಂಜೆಕ್ಷನ್’ ಎಂಬೊಂದು ಮಾತಿನಲ್ಲಿ ಈ ಮೂರೂ ಕಲಸಿಹೋದರೆ, ಒಂದು ಮಗುವಿಗೆ ಚುಚ್ಚುಮದ್ದೂ ಇನ್ನೊಂದಕ್ಕೆ ಶಸ್ತ್ರವೂ ಏಕೆಂಬುದನ್ನು ತಿಳಿಸುವ ದಾರಿಯೇ ಮುಚ್ಚಿಹೋಗುತ್ತದೆ. ‘ಮಾಂಸಖಂಡ’, ‘ನರ’, ‘ರಜ್ಜು’ ಎಂಬ ಮೂರು ಮಾತುಗಳನ್ನು ವ್ಯವಸ್ಥಿತವಾಗಿ ಬಳಸುವುದೇ ಇದಕ್ಕೆ ಪರಿಹಾರ. ಹೊಸ ಶಬ್ದವೊಂದನ್ನೂ ಸೃಷ್ಟಿಸಬೇಕಾಗಿಲ್ಲ.

೪. ಫಲದ ಅವಧಿ

ಹೆಸರುಗಳಲ್ಲಿ ಕಾಣದೆ ಹೋಗುವ ಸಂಗತಿಯೊಂದು ಕಾಲ. ಮದ್ದಿನ ಫಲವು ಕೆಲವು ದಿನಗಳಲ್ಲಿ ತೋರಿ, ಸಾಮಾನ್ಯವಾಗಿ ಮೂರುನಾಲ್ಕು ತಿಂಗಳು ಇದ್ದು, ನರವು ಮತ್ತೆ ತನ್ನ ಕಾರ್ಯವನ್ನು ಆರಂಭಿಸಿದಂತೆ ತಗ್ಗುತ್ತದೆ. ಮಿದುಳಿನ ಕೆಡುಕು ಹಾಗೆಯೇ ಇರುತ್ತದೆ. ಆ ಮೂರುನಾಲ್ಕು ತಿಂಗಳಲ್ಲಿ ಅಂಗವನ್ನು ನೀಳವಾಗಿ ಚಾಚಿಸುವುದು, ಪಟ್ಟಿ ಕಟ್ಟಿ ನೇರಗೊಳಿಸುವುದು, ನಡಿಗೆಯನ್ನು ಅಭ್ಯಾಸಮಾಡಿಸುವುದು ನಡೆಯಬೇಕು. ಮದ್ದು ತೆರೆದ ಬಾಗಿಲಿನಲ್ಲಿ ಅಭ್ಯಾಸವು ಪ್ರವೇಶಿಸಬೇಕು. ಪದೇಪದೇ ಚುಚ್ಚಿದರೆ ಮಾಂಸಖಂಡವು ಸೊರಗಬಹುದೆಂಬ ಶಂಕೆಯೂ ಈಚೆಗೆ ವೈದ್ಯರಲ್ಲಿ ಬೆಳೆದಿದೆ. ಪ್ರಯೋಗಗಳನ್ನು ತೂಗಿನೋಡಿದ ೨೦೧೯ರ ಕಾಕ್ರೇನ್ ಸಮೀಕ್ಷೆಯು, ಕಾಲಿನ ಸೆಡೆತದಲ್ಲಿ ಈ ಮದ್ದಿನಿಂದ ಪ್ರಯೋಜನವುಂಟೆಂದು ಕಂಡರೂ ಆಧಾರಗಳ ಗುಣವು ಸಾಲದೆಂದು ಹೇಳಿದೆ. ಆದುದರಿಂದ ‘ಗುಣವಾಗುತ್ತದೆ’ ಎಂಬ ಕ್ರಿಯಾಪದವು ಇಲ್ಲಿ ಅಸಾಧು. ‘ಕೆಲವು ತಿಂಗಳು ಸಡಿಲವಾಗುತ್ತದೆ’ ಎಂಬುದು ಸಾಧು.

ಕಾಶ್ಯಪಸಂಹಿತೆಯೆಂಬ ಪ್ರಾಚೀನವಾದ ಶಿಶುವೈದ್ಯಗ್ರಂಥವು ೧೯೩೮ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ವರ್ಷ ತುಂಬಿದರೂ ನಡೆಯಲಾರದ ಮಗುವಿನ ಸ್ಥಿತಿಯನ್ನು ಅದರಲ್ಲಿ ‘ಫಕ್ಕ’ವೆಂದು ಹೆಸರಿಸಿ, ಔಷಧಗಳ ಜೊತೆಗೆ ಮೂರು ಚಕ್ರದ ರಥವೊಂದನ್ನು ಹಿಡಿದು ನಡೆಯುವ ಅಭ್ಯಾಸವನ್ನೂ ವಿಧಿಸಿದೆ. ಫಕ್ಕರೋಗವನ್ನು ಈಗಿನ ಬಾಧೆಯೊಡನೆ ಏಕವೆನ್ನಲಾಗದು. ಆ ಗ್ರಂಥದಲ್ಲಿ ಅದಕ್ಕೆ ಸ್ತನ್ಯದೋಷವೇ ಮೊದಲಾಗಿ ಬೇರೆಬೇರೆ ಕಾರಣಗಳನ್ನು ಹೇಳಿದೆ. ಔಷಧವೂ ಅಭ್ಯಾಸವೂ ಒಂದೇ ಉಪದೇಶದೊಳಗೆ ಬರಬೇಕೆಂಬ ಕ್ರಮವನ್ನು ಮಾತ್ರ ಅಲ್ಲಿಂದ ಕಲಿಯಬಹುದು.

೫. ಉಪಸಂಹಾರ

ಖಂಡಿಸಿದಮೇಲೆ ಬದಲನ್ನು ಸೂಚಿಸುವುದು ವಿಮರ್ಶೆಯ ಧರ್ಮ. ರೋಗಕ್ಕೆ ‘ಸೆರೆಬ್ರಲ್ ಪಾಲ್ಸಿ’ ಎಂಬುದನ್ನೇ ಸಂಜ್ಞೆಯಾಗಿ ಉಳಿಸಿಕೊಂಡು, ಪ್ರತಿಸಲವೂ ಕನ್ನಡದಲ್ಲಿ ವಿವರಿಸುವುದು ಉತ್ತಮ; ಅಪ್ರತೀತದೋಷವು ವಿವರಣೆಯಿಂದ ಪರಿಹಾರವಾಗುತ್ತದೆ, ವಿರುದ್ಧಮತಿಯು ಅಷ್ಟು ಸುಲಭವಾಗಿ ಹೋಗದು. ಲಕ್ಷಣಕ್ಕೆ ‘ಸೆಡೆತ’, ಚಿಕಿತ್ಸೆಗೆ ‘ಸೆಡೆತ ಸಡಿಲಿಸುವ ಚುಚ್ಚುಮದ್ದು’ ಎಂಬುವು ಸಾಕು. ಚಳಿಗೆ ಕೈಕಾಲು ಸೆಡೆಯಿತೆಂದು ಜನರು ಹೇಳುವುದುಂಟಾದುದರಿಂದ ಆ ಮಾತಿಗೆ ವ್ಯಾಖ್ಯಾನವು ಬೇಕಾಗದು. ಆದರೆ ‘ಸೆಡೆತ’ವೆಂಬುದು ಮಾಂಸಖಂಡದ ವಿಶೇಷಣವಾಗಿರಬೇಕು, ಮಗುವಿನ ಹೆಸರಾಗಬಾರದು. ಬ್ರಿಟನ್ನಿನಲ್ಲಿ ೧೯೫೨ರಲ್ಲಿ ‘ನ್ಯಾಷನಲ್ ಸ್ಪಾಸ್ಟಿಕ್ಸ್ ಸೊಸೈಟಿ’ ಎಂದು ಹುಟ್ಟಿದ ಸಂಘವು, ‘ಸ್ಪಾಸ್ಟಿಕ್’ ಎಂಬುದು ಬೈಗಳಾಗಿ ಪರಿಣಮಿಸಿದ ಕಾರಣ, ೧೯೯೪ರಲ್ಲಿ ತನ್ನ ಹೆಸರನ್ನೇ ಬದಲಾಯಿಸಿಕೊಂಡಿತು. ಅವಯವದ ಧರ್ಮವನ್ನು ವ್ಯಕ್ತಿಯ ಮೇಲೆ ಆರೋಪಿಸಿದರೆ ಒಳ್ಳೆಯ ಶಬ್ದವೂ ಕೆಡುತ್ತದೆ. ಕುಂಟ, ಹೆಳವ ಎಂಬ ಕನ್ನಡದ ಮಾತುಗಳ ಗತಿಯೂ ಇದೇ ಅಲ್ಲವೆ?

ಈ ನಿಯಮಗಳಿಗೆ ಅನುಸಾರವಾಗಿ ತಾಯಿಗೆ ಹೇಳಬಹುದಾದ ಮಾತಿನ ಮಾದರಿ ಹೀಗಿರಬಹುದು: “ಮಗುವಿನ ಮಿದುಳಿನ ಒಂದು ಭಾಗಕ್ಕೆ ಎಳವೆಯಲ್ಲೇ ಕೆಡುಕಾಗಿದೆ. ಆ ಕೆಡುಕು ಬೆಳೆಯುವುದಿಲ್ಲ. ಈ ಮದ್ದಿನಿಂದ ಮಾಯುವುದೂ ಇಲ್ಲ. ಅದರಿಂದ ಕಾಲಿನ ಮಾಂಸಖಂಡ ಸೆಡೆತಿದೆ. ಈ ಮದ್ದನ್ನು ಒಂದು ವಿಷದಿಂದ ಮಾಡಿದ್ದಾರೆ. ಬಹಳ ಕಡಮೆ ಅಳತೆಯಲ್ಲಿ ಚುಚ್ಚುತ್ತೇವೆ. ಕೆಲವು ದಿನದಲ್ಲಿ ಕಾಲು ಸಡಿಲವಾಗುತ್ತದೆ. ಹೆದರಬೇಡಿ, ಅದಕ್ಕಾಗಿಯೇ ಕೊಟ್ಟದ್ದು. ಮೂರುನಾಲ್ಕು ತಿಂಗಳು ಹಾಗಿರುತ್ತದೆ. ಅಷ್ಟರಲ್ಲಿ ದಿನವೂ ಕಾಲನ್ನು ಚಾಚಿಸಿ ನಡೆಸಬೇಕು. ಮಗುವಿಗೆ ನುಂಗಲು ಉಸಿರಾಡಲು ಕಷ್ಟವಾದರೆ ತಡಮಾಡದೆ ಕರೆತನ್ನಿ.” ಇದರಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದೂ ಇಲ್ಲ, ಹಳ್ಳಿಗೆ ತಿಳಿಯದುದೂ ಇಲ್ಲ.

ವೈದ್ಯರು ಇಂಗ್ಲಿಷಿನಲ್ಲಿ ಕಲಿಯುತ್ತಾರೆ, ಕನ್ನಡದ ಹೆಸರು ಹೇಗಿದ್ದರೇನು ಎನ್ನುವವರಿಗೆ ಉತ್ತರವಿಷ್ಟೆ: ಚಿಕಿತ್ಸೆಗೆ ಒಪ್ಪಿಗೆಯನ್ನು ಕೊಡುವವಳು ತಾಯಿ. ತಪ್ಪು ತಿಳಿದು ಕೊಟ್ಟ ಒಪ್ಪಿಗೆಯು ಒಪ್ಪಿಗೆಯಲ್ಲ. ತಪ್ಪು ತಿಳಿದು ಮಾಡಿದ ನಿರಾಕರಣೆಯೂ ನಿರಾಕರಣೆಯಲ್ಲ. ಆಕೆಗೆ ಸತ್ಯವಾದ ಮಾತನ್ನು ಒದಗಿಸುವುದು ವೈದ್ಯನೊಬ್ಬನ ಭಾರವಲ್ಲ. ಪದಕೋಶಗಳನ್ನು ರಚಿಸುವ ಪಂಡಿತರೂ, ಮುಂದೆ ವೈದ್ಯರಾಗುವ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವನ್ನು ಕಲಿಸುವ ಉಪಾಧ್ಯಾಯರೂ ಅದರಲ್ಲಿ ಪಾಲುಗಾರರು. ‘ಪಾರ್ಶ್ವವಾಯು’ವೆಂಬ ಹೆಸರನ್ನು ಈ ಮಕ್ಕಳ ವಿಷಯದಲ್ಲಿ ಕೈಬಿಡುವುದರಿಂದ ಆ ಕೆಲಸವನ್ನು ಮೊದಲುಮಾಡಬಹುದು.